ತಂಗಿಯ ದಮ್ಮಿಗೆ ನಾನು ಮಾಡಿದ ಉಪಚಾರ

ಔಷಧಿಯ ಒಂದು ಹನಿಯೂ ಇಲ್ಲದೆ ನನ್ನ ತಂಗಿಯ ದಮ್ಮನ್ನು ಓಡಿಸಿಬಿಡುತ್ತೇನೆಂದು ನಾನು ಮನೆ ಕಟ್ಟೆಯ ಮೇಲೆ ಕುಳಿತು ಸಾರಿದಾಗ ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅನುಮಾನ ಪಡುವಷ್ಟು ನಾನು ಓದಿರಲಿಲ್ಲ.

ಓದಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಜಾಮರ ಕಾಲದಲ್ಲಿ, ಕುರಿ ಕಾಯ್ದು ಹನ್ನೆರಡು ತುಂಬಿದ ಮೇಲೆ, ನಾನು ಉರ್ದು ಶಾಲೆಯ ಒಂದನೇ ಜಮಾತಿನಲ್ಲಿದ್ದೆ. ಎರಡನೆಯದಕ್ಕೆ ಕಾಲಿಡಬೇಕು ಎನ್ನುವಷ್ಟರಲ್ಲಿ ಸರಕಾರವೇ ಬದಲಾಯಿತು. ಕನ್ನಡ ಶಾಲೆ ಬಂತು. ಹೊಸ ಮಾಸ್ತರರು ನನ್ನನ್ನು ಹಿಡಿದು ಮತ್ತೆ ಒಂದನೆಯದರಲ್ಲೇ ಕೂರಿಸಿದರು. ಎರಡು ಸರಕಾರಗಳ ಕೈಯಲ್ಲಿ ಒಂದೇ ತರಗತಿ ಓದಿದವನು ನಮ್ಮೂರಲ್ಲಿ ನಾನೊಬ್ಬನೇ! ಅಲ್ಲಿಗೆ ವಿದ್ಯೆ ಸಾಕೆನಿಸಿ ಅಪ್ಪನ ಮಗ್ಗದ ಕುಣಿಯೊಳಗೆ ಇಳಿದೆ.

ನಮ್ಮೂರು ಯಾದಗಿರಿಗೆ ಹತ್ತಿರ, ಭೀಮಾ ಹೊಳೆಯ ದಂಡೆಗೆ. ನಮ್ಮದು ಕುರಿ ಸಾಕುವ ಮನೆತನ. ಹಿತ್ತಲಲ್ಲಿ ಕುರಿ, ಪಡಸಾಲೆಯಲ್ಲಿ ಮಗ್ಗ, ಒಳಕೋಣೆಯಲ್ಲಿ ಉಣ್ಣೆ. ನಾನು ಕಂಬಳಿ ನೇಯುವವನು. ನನ್ನ ಹೆಂಡತಿ ಹಣಮವ್ವ ಉಣ್ಣೆ ನೂಲುವವಳು, ಮತ್ತು ನನ್ನನ್ನು ಬೈಯುವವಳು. ಎರಡರಲ್ಲೂ ಎಳೆ ಹರಿಯದ ಹಾಗೆ ಉದ್ದಕ್ಕೆ ಎಳೆಯಬಲ್ಲಳು. ಅಪ್ಪ, ಅವ್ವ ಇಬ್ಬರೂ ತೀರಿದ ಮೇಲೆ ಮನೆಯಲ್ಲಿ ಮೂರನೆಯವಳಾಗಿ ಉಳಿದವಳು ನನ್ನ ತಂಗಿ ಭೀಮವ್ವ. ಹೆಸರು ಭೀಮವ್ವ, ಉಸಿರು ಗುಬ್ಬಿಯದು. ಚಳಿಗಾಲ ಬಂತೆಂದರೆ ಅವಳ ಎದೆಯೊಳಗೆ ಯಾರೋ ಕುಲುಮೆಯ ಹರಿದ ತಿದಿ ಒತ್ತುತ್ತಿದ್ದಾರೇನೋ ಎಂಬಂತೆ ಸುಂಯ್ ಸುಂಯ್ ಸದ್ದು.

ಅವ್ವ ಸಾಯುವ ಮುಂಚೆ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ್ದಳು: "ಕೂಸಿಗೆ ಥಂಡಿ ಹತ್ತಗೊಡಬ್ಯಾಡ, ತಮ್ಮಾ."

ಈ ಮಾತನ್ನು ನಾನು ಪಾಲಿಸಿದೆ. ಪಾಲಿಸಿದ್ದೇ ತಪ್ಪಾಯಿತು.

ಆ ವರ್ಷ ನಮ್ಮ ಕಡೆಯವರನ್ನು ಹೈದರಾಬಾದಿನಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದ ಹೊಸತು. ಎಲ್ಲರ ಬಾಯಲ್ಲೂ "ಒಂದಾದೆವು, ಒಂದಾದೆವು" ಎಂಬ ಮಾತು. ನಮ್ಮ ಮನೆಯಲ್ಲಿ ಮಾತ್ರ ತಂಗಿ ಮತ್ತು ಅವಳ ಉಸಿರು ಒಂದಾಗಲೊಲ್ಲವು. ಯಾದಗಿರಿಗೆ ಕರೆದುಕೊಂಡು ಹೋದೆ. ಡಾಕ್ಟರ ಸಾಹೇಬರು ಸೂಜಿ ಚುಚ್ಚಿ, ಎದೆಗೆ ನಳಿಗೆ ಇಟ್ಟು ನೋಡಿ, ನನ್ನತ್ತ ತಿರುಗಿದರು.

"ಸೂಜಿ ಇವತ್ತಿನ ಸಲುವಾಗಿ. ಬಾಕಿ ಇಲಾಜು ನಿಮ್ಮ ಮನ್ಯಾಗ ಐತಿ. ಧೂಳು ದೂರ ಇಡ್ರಿ. ಹೊಗಿ ದೂರ ಇಡ್ರಿ. ಥಂಡಿ ಹತ್ತಗೊಡಬ್ಯಾಡ್ರಿ. ದಮ್ಮು ಹೆಚ್ಚಾತಂದ್ರ ಮನ್ಯಾಗ ಕುಂದ್ರಬ್ಯಾಡ್ರಿ, ಸೀದಾ ನನ್ನ ಕಡಿ ಬರ್ರಿ."

ಮೊದಲಿನ ಮೂರು ಮಾತು ನನಗೆ ಬಾಯಿಪಾಠವಾದವು. ನಾಲ್ಕನೆಯದು ಊರು ಮುಟ್ಟುವುದರೊಳಗೆ ಮರೆತುಹೋಯಿತು. ದವಾ ಇಲ್ಲದ ಇಲಾಜು! ಅದೂ ನನ್ನ ಮನೆಯಲ್ಲೇ! ಕಟ್ಟೆಯ ಮೇಲಿನ ಆ ಘೋಷಣೆ ಹುಟ್ಟಿದ್ದು ಹೀಗೆ.

ಮೊದಲು ಧೂಳಿನ ಮೇಲೆ ಯುದ್ಧ ಸಾರಿದೆ. ನಮ್ಮಲ್ಲಿ ಕಂಬಳಿಗೆ ಮೈಲಿಗೆ ಇಲ್ಲ. ಮೈಲಿಗೆ ಇಲ್ಲದ್ದನ್ನು ಒಗೆಯುವುದೇಕೆ? ಹೀಗಾಗಿ ನನ್ನ ಅಜ್ಜನ ಕಂಬಳಿಯಲ್ಲಿ ಅಜ್ಜ ತಿರುಗಿದ ಅಡವಿಯೆಲ್ಲ ಹಾಗೇ ಇತ್ತು. ಅಪ್ಪನದರಲ್ಲಿ ಅಪ್ಪ ಮಲಗಿದ ಹೊಲಗಳು. ನಾನು ಎಲ್ಲವನ್ನೂ ತಂದು ಪಡಸಾಲೆಯ ಗೂಟಕ್ಕೆ ಇಳಿಬಿಟ್ಟು ದೊಣ್ಣೆಯಿಂದ ಬಡಿಯತೊಡಗಿದೆ. ಅಂಗಳದಲ್ಲಿ ಬಿಸಿಲಿತ್ತು, ನೆರಳಿನಲ್ಲಿ ಬಡಿದರೆ ಕೈ ಸೋಲುವುದಿಲ್ಲ ಎಂಬ ಜಾಣತನ ಬೇರೆ. ಸ್ವಲ್ಪ ಹೊತ್ತಿಗೆ ಗೋಡೆ ಕಾಣಲಿಲ್ಲ. ಮಗ್ಗ ಕಾಣಲಿಲ್ಲ. ಮೂಲೆಯಲ್ಲಿ ಕುಳಿತ ತಂಗಿಯೂ ಕಾಣಲಿಲ್ಲ. ಕೆಮ್ಮು ಮಾತ್ರ ಕೇಳುತ್ತಿತ್ತು.

ಹಣಮವ್ವ ಅವಳನ್ನು ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದು ಕಿರುಚಿದಳು: "ಧೂಳು ಹೊರಗ ಹಾಕ್ರಿ ಅಂದ್ರ ಮೂರು ತಲಿಮಾರಿನ ಧೂಳು ಒಳಗ ಕರದೀರಲ್ರೀ!"

"ಹೋಗೂ ಧೂಳು ಹಂಗೇ ಎದ್ದು ಕಾಣ್ತೈತಿ" ಎಂದೆ, ಕಣ್ಣು ಉಜ್ಜಿಕೊಳ್ಳುತ್ತ.

"ಹೋಗಾಕತ್ತಿದ್ದು ಧೂಳಲ್ಲ, ಹುಡುಗಿ ಜೀವ!"

ಧೂಳಿನ ಚಿಕಿತ್ಸೆ ಅಷ್ಟಕ್ಕೆ ನಿಂತಿತು. ಎರಡನೆಯದು ಹೊಗೆ. ಒಲೆಯನ್ನು ಹೊರಗೆ ಹಾಕೋಣವೆಂದರೆ ಹೆಂಡತಿ ನನ್ನನ್ನೇ ಹೊರಗೆ ಹಾಕುವ ಸ್ಥಿತಿಯಲ್ಲಿದ್ದಳು. ಹಾಗಾದರೆ ತಂಗಿಯನ್ನೇ ಒಲೆಯಿಂದ ದೂರ ಮಲಗಿಸಬೇಕು. ಇಡೀ ಮನೆಯಲ್ಲಿ ಒಲೆಯಿಂದ ಅತ್ಯಂತ ದೂರದ ಕೋಣೆ ಯಾವುದು? ಉಣ್ಣೆ ಕೋಣೆ! ಕಿಟಕಿ ಇಲ್ಲ, ಹೊಗೆ ಬರುವುದಿಲ್ಲ. ಗೋಡೆಯುದ್ದಕ್ಕೂ ಕತ್ತರಿಸಿದ ಉಣ್ಣೆಯ ರಾಶಿ, ಥಂಡಿಯೂ ಬರುವುದಿಲ್ಲ. ಡಾಕ್ಟರ ಸಾಹೇಬರ ಎರಡು ಮಾತನ್ನು ಒಂದೇ ಕೋಣೆಯಲ್ಲಿ ನೆರವೇರಿಸಿದ ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಅವಳಿಗೆ ಹಾಸಲು ನಾನೇ ನೇಯ್ದ ಕರಿ ಕಂಬಳಿ ಕೊಟ್ಟೆ. ಅದರ ಬಗ್ಗೆ ಹೇಳಲೇಬೇಕು. ಮರಿಗಳ ಮೊದಲ ಕತ್ತರಿಯ ಉಣ್ಣೆ. ಬಣ್ಣ ಹಾಕಿದ ಕರಿಯಲ್ಲ, ಹುಟ್ಟು ಕರಿ. ಹುಣಸೆ ಬೀಜದ ಗಂಜಿ ಬಳಿದು, ಒಂದು ಎಳೆ ತಪ್ಪದಂತೆ, ಅವ್ವ ತೀರಿದ ವರ್ಷ ನಾನು ತಂಗಿಗೆಂದೇ ನೇಯ್ದದ್ದು. ಶಹಾಪುರದ ಸಂತೆಯಲ್ಲಿ ಕೇಳಿದವರಿಗೆಲ್ಲ "ಮಾರೂದಲ್ಲರೀ, ತಂಗಿದು" ಎಂದು ಎದೆಯುಬ್ಬಿಸಿ ತಿರುಗಿದವನು ನಾನು. ನನ್ನ ಜೀವನದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ.

"ಅಣ್ಣಾ, ಇಲ್ಲಿ ಮೂಗಿನಾಗ ಕಡದಂಗ ಆಗ್ತೈತಿ" ಎಂದಳು ಭೀಮವ್ವ.

"ಮೈ ಬೆಚ್ಚಗಾಗಾಕತ್ತೈತವ್ವಾ. ಗುಣ ಆಗೂ ಲಕ್ಷಣ ಅದು."

ಮರುದಿನ ಅವಳಿಗೆ ಕುಳಿತಲ್ಲಿಂದ ಏಳಲು ಆಗಲಿಲ್ಲ. ನಾನು ಥಂಡಿ ಇನ್ನೂ ಹೋಗಿಲ್ಲವೆಂದು ಇನ್ನೊಂದು ಕಂಬಳಿ ಹೊದಿಸಿದೆ. ಅದರ ಮರುದಿನ ಅವಳ ಮಾತು ಒಂದೊಂದೇ ಶಬ್ದವಾಗಿ ಬರತೊಡಗಿತು. ಮತ್ತೊಂದು ಕಂಬಳಿ ಹೊದಿಸಿದೆ! ಉಸಿರು ಕಡಿಮೆಯಾದಷ್ಟೂ ಕಂಬಳಿ ಹೆಚ್ಚಾಗುತ್ತ ಹೋಯಿತು.

ಅಷ್ಟರಲ್ಲಿ ಸುರಪುರದಿಂದ ಚಿಗವ್ವ ಬಂದಳು. ಅವಳು ನಮ್ಮ ಅವ್ವನ ತಂಗಿ. ಗಂಡ ಅಲ್ಲಿ ಕಲ್ಲು ಕಟೆಯುವ ಕೆಲಸದವನಾದ್ದರಿಂದ ಕುರಿ ಬಿಟ್ಟು ಬಹಳ ವರ್ಷವಾಗಿತ್ತು. ಕಂಬಳಿಯ ಗುಡ್ಡದೊಳಗಿಂದ ತಂಗಿಯ ಮುಖವನ್ನು ಹುಡುಕಿ ತೆಗೆದು ಅವಳು ಅಂದದ್ದು ಇಷ್ಟೇ:

"ಹುಡುಗೀನ್ನ ನಾ ಒಯ್ತೀನಿ."

"ಜನ ಏನಂದಾರು ಚಿಗವ್ವಾ? ಹೇಂತಿ ಬಂದಮ್ಯಾಲ ತಂಗೀನ್ನ ಹೊರಗ ಹಾಕ್ಯಾನ ಅನ್ನಾಂಗಿಲ್ಲೇನು?"

"ಅನ್ಲಿ. ಅನ್ನಾಕ ಅವರ ಉಸಿರು ನೆಟ್ಟಗೈತಿ. ಈಕಿದು ಇಲ್ಲ."

ಅವಳು ಒಯ್ದೇ ಬಿಟ್ಟಳು. ಊರಲ್ಲಿ ತಲೆಯೆತ್ತಿ ತಿರುಗಲು ನನಗೆ ನಾಚಿಕೆ. ಕೆಲವು ವಾರ ತಡೆದುಕೊಂಡು ಕೊನೆಗೆ ತಂಗಿಯನ್ನು ಕರೆತರಲು ಸುರಪುರಕ್ಕೆ ಹೋದೆ. ಚಿಗವ್ವನ ಮನೆ ಗುಡ್ಡದ ಮಗ್ಗುಲಿಗೆ. ಬಾಗಿಲಲ್ಲಿ ನಿಂತು ನೋಡುತ್ತೇನೆ: ತಲೆಯ ಮೇಲೆ ತುಂಬಿದ ಕೊಡ ಹೊತ್ತು, ಇನ್ನೊಂದು ಹುಡುಗಿಯ ಜೊತೆ ಜಗಳವಾಡುತ್ತ, ಗುಡ್ಡದ ದಾರಿ ಹತ್ತಿ ಬರುತ್ತಿದ್ದಾಳೆ ನನ್ನ ತಂಗಿ! ಹೊತ್ತು ಹತ್ತುವುದೇ ಒಂದು; ಹತ್ತುತ್ತ ಬೈಯುವುದಕ್ಕೆ ಎಂಥ ಉಸಿರು ಬೇಕು!

ನಾನು ಗಂಭೀರವಾಗಿ ಯೋಚಿಸಿದೆ. ತಲೆಯ ಮೇಲೆ ಕೊಡ. ಕೊಡದಲ್ಲಿ ನೀರು. ಇನ್ನೇನು ಬೇಕು? ಸುರಪುರದ ಬಾವಿಯ ನೀರೇ ಮದ್ದು!

ಚಿಗವ್ವ "ಇನ್ನ ನಾಕು ದಿನ ಇರಲಿ" ಎಂದು ಬೇಡಿಕೊಂಡರೂ ಕೇಳದೆ ತಂಗಿಯನ್ನು ಹೊರಡಿಸಿದೆ. ಜೊತೆಗೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ಕೊಡ ನೀರು. ಬಸ್ಸಿನಲ್ಲಿ ಶಹಾಪುರದವರೆಗೆ ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕುಳಿತೆ. ಧೋತರ ತೊಯ್ದು, ಇಳಿಯುವಾಗ ಜನ ನನ್ನನ್ನು ನೋಡಿದ ರೀತಿ ಬೇರೆಯೇ ಇತ್ತು. ನಮ್ಮೂರ ಹೊಳೆಯ ಕಡವಿನಲ್ಲಿ ಹರಿಗೋಲು ಹತ್ತಿದಾಗ ಹರಿಗೋಲಿನ ಮುದುಕ ಕೇಳಿದ:

"ಕೊಡದಾಗ ಏನೈತಪಾ?"

"ನೀರು, ಕಾಕಾ."

"ಎಲ್ಲಿಂದು?"

"ಸುರಪುರದ್ದು."

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ ಕೊಡ ನೋಡಿದ, ನನ್ನನ್ನು ನೋಡಿದ, ಸುತ್ತ ಹರಿಯುವ ಭೀಮಾ ಹೊಳೆಯನ್ನು ನೋಡಿದ. "ಯಾಕ, ಇದು ತೀರೇತೇನು?"

ಭೀಮವ್ವ ನಕ್ಕಳು. ನಡುವೆ ಒಂದು ಕೆಮ್ಮೂ ಬರದಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನೀರಿನಲ್ಲಿ ಬೆರಳಾಡಿಸುತ್ತ ಮೆಲ್ಲಗೆ ಅಂದಳು: "ಅಣ್ಣಾ, ಚಿಗವ್ವನ ಮನ್ಯಾಗ ನಾ ಅರಿವಿ ಕೌದಿ ಹಾಸಿ, ಕೌದೀನ ಹೊಚ್ಕೊಂತಿದ್ದೆ. ಅಲ್ಲಿ ಕಂಬಳಿ ಇಲ್ಲ."

"ಪಾಪ, ಬಡವರು" ಎಂದೆ. "ಮುಂದಿನ ಸಲ ಒಂದು ಕಂಬಳಿ ಒಯ್ದು ಕೊಡೂಣು."

ಅವಳು ನನ್ನ ಮುಖ ನೋಡಿದಳು.

ಅವಳು ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲವೆಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಸುಳ್ಳು. ಹೊಳೆಯ ನಡುವೆ ಒಂದು ಗಳಿಗೆ ನನಗೆ ಎಲ್ಲವೂ ತಿಳಿದಿತ್ತು. ಆದರೆ ಆ ಕರಿ ಕಂಬಳಿಯಲ್ಲಿ ತಪ್ಪಿದೆಯೆಂದರೆ ನನ್ನಲ್ಲಿ ಉಳಿಯುವುದೇನು? ಎರಡು ಸಲ ಓದಿದ ಒಂದನೇ ತರಗತಿ! ಹರಿಗೋಲು ದಂಡೆ ಮುಟ್ಟುವಷ್ಟರಲ್ಲಿ ನಾನು ತಿಳಿದದ್ದನ್ನು ಮರೆತಿದ್ದೆ. ಮರೆಯುವುದರಲ್ಲಿ ನಾನು ಶಾಲೆಯಲ್ಲೂ ಜಾಣನೇ.

ಸುರಪುರದ ನೀರನ್ನು ಹೊತ್ತುಹೊತ್ತಿಗೆ ಕುಡಿಸಿದೆ. ಮಲಗಲು ಅದೇ ಕೋಣೆ, ಅದೇ ಕಂಬಳಿ. ಕೊಡ ಖಾಲಿಯಾಗುತ್ತ ಬಂದಂತೆ ಸುಂಯ್ ಸುಂಯ್ ತಿರುಗಿ ಬಂತು.

"ಹುಡುಗಿ ಹೊಟ್ಟಿ ಸುರಪುರದ ಬಾವಿ ಆತು" ಎಂದಳು ಹಣಮವ್ವ, "ಎದಿ ಮಾತ್ರ ನಮ್ಮೂರಿಂದೇ ಉಳೀತು. ಯಾದಗಿರಿಗೆ ಕರಕೊಂಡು ನಡೀರಿ."

"ಇನ್ನೊಂದು ಇಲಾಜು ಐತಿ" ಎಂದೆ.

ಆ ಇಲಾಜು ಹಬೆ. ಸಂತೆಯಲ್ಲಿ ಯಾರೋ ಹೇಳಿದ್ದರು: ಬಿಸಿನೀರಿಗೆ ಅಜವಾನ ಹಾಕಿ ಹಬೆ ತೆಗೆದುಕೊಂಡರೆ ಎದೆ ಬಿಡುತ್ತದೆ ಎಂದು. ಅವರು ಹೇಳಿದ್ದು ತಲೆಯ ಮೇಲೊಂದು ಅರಿವೆ ಹೊದ್ದು, ಸ್ವಲ್ಪ ಹೊತ್ತು, ದೂರದಿಂದ. ನಾನು ಅದನ್ನು ಸುಧಾರಿಸಿದೆ. ಕುರಿಗಳು ಅಡವಿಯಿಂದ ತಿರುಗುವ ಹೊತ್ತು. ಓಣಿಯೆಲ್ಲ ಕೆಂಧೂಳು. ಅದು ಒಳಗೆ ಬರಬಾರದೆಂದು ಬಾಗಿಲು ಮುಚ್ಚಿ, ಕುದಿಯುವ ಹಂಡೆಯನ್ನು ಉಣ್ಣೆ ಕೋಣೆಯ ನಡುವೆ ಇಟ್ಟೆ. ಅದರ ಮುಂದೆ ತಂಗಿಯನ್ನು ಕೂರಿಸಿದೆ. ಹಬೆ ಒಂದಿಷ್ಟೂ ಪೋಲಾಗಬಾರದು ನೋಡಿ! ಮೇಲೆ ಕರಿ ಕಂಬಳಿ, ಅದರ ಮೇಲೆ ಅಪ್ಪನದು, ಅದರ ಮೇಲೆ ಅಜ್ಜನದು. ಅಂಚುಗಳ ಮೇಲೆ ಕಲ್ಲು. ಹೊರಗಿನಿಂದ ನೋಡಿದರೆ ಸಣ್ಣದೊಂದು ಗುಡಾರ. ಬಹಳ ಚೆನ್ನಾಗಿ ಕಾಣುತ್ತಿತ್ತು.

ಹಣಮವ್ವ ಹಿತ್ತಲಲ್ಲಿ ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದಳು. ನಾನು ಗುಡಾರದ ಹೊರಗೆ ಕುಳಿತು ಸದ್ದು ಕೇಳುತ್ತಿದ್ದೆ. ಸುಂಯ್. ಸುಂಯ್. ಆಮೇಲೆ ಸದ್ದು ಸಣ್ಣದಾಯಿತು.

"ಕಡಿಮಿ ಆತು!" ಎಂದು ನಾನು ಕೂಗಿದೆ. "ಏ ಹಣಮೀ, ಕಡಿಮಿ ಆತು ನೋಡು!"

ಹಣಮವ್ವ ಬಂದವಳು ಒಂದು ಕ್ಷಣ ಕಿವಿಗೊಟ್ಟಳು. ಆಮೇಲೆ ಕಲ್ಲನ್ನು ಕಾಲಿನಿಂದ ಒದ್ದು, ಮೂರೂ ಕಂಬಳಿಗಳನ್ನು ಒಂದೇ ಎಳೆತಕ್ಕೆ ಕಿತ್ತು ಎಸೆದಳು. ಭೀಮವ್ವನ ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಕಣ್ಣು ತೆರೆದಿದ್ದವು, ನನ್ನನ್ನೇ ನೋಡುತ್ತಿದ್ದವು. ಬಾಯಿ ತೆರೆದಿತ್ತು, ಮಾತಿರಲಿಲ್ಲ.

ನಾನು ಮಲಗಿಸಲು ಹೋದೆ. "ಮಲಗಸಬ್ಯಾಡ್ರೀ!" ಎಂದು ಹೆಂಡತಿ ನನ್ನನ್ನು ನೂಕಿದಳು. ತಂಗಿಯನ್ನು ಅಂಗಳಕ್ಕೆ ಹೊತ್ತು ತಂದು, ಬೋರಲು ಹಾಕಿದ ಬುಟ್ಟಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂರುವಂತೆ ಮಾಡಿದಳು. "ಸಣ್ಣಗ ಬಿಡವ್ವಾ ಉಸಿರು. ದೀಪ ಆರದಂಗ ಊದು. ಹಾಂ, ಹಂಗ. ನನ್ನ ನೋಡು. ಅವರನ್ನ ನೋಡಬ್ಯಾಡ." ಮತ್ತೆ ನನ್ನ ಕಡೆಗೆ: "ಬಂಡಿ ಹೂಡ್ರಿ!"

ಎತ್ತು ಹೂಡುವಾಗ ನೊಗದ ಹಗ್ಗ ಮೂರು ಸಲ ಜಾರಿತು. ಬಂಡಿ ಸಿದ್ಧವಾಯಿತು. ನಾನೇನು ಮಾಡಿದೆ ಗೊತ್ತೆ? ಒಳಗೆ ಓಡಿಹೋಗಿ ಕರಿ ಕಂಬಳಿ ಹಿಡಿದುಕೊಂಡು ಬಂದೆ. ದಾರಿಯಲ್ಲಿ ಥಂಡಿ ಹತ್ತಬಾರದಲ್ಲ!

"ಅದು ಬಂಡಿ ಹತ್ತಿದ್ರ ನಾ ಇಳೀತೀನಿ" ಎಂದಳು ಹಣಮವ್ವ, ಎತ್ತರದ ದನಿಯಲ್ಲ, ಬಹಳ ಸಣ್ಣ ದನಿಯಲ್ಲಿ. ನಾನು ಕಂಬಳಿಯನ್ನು ಅಂಗಳದಲ್ಲೇ ಬಿಟ್ಟೆ.

ಬಂಡಿ ಹೊರಟಿತು. ಪಕ್ಕದ ಮನೆಯವನು ಎತ್ತು ಹೊಡೆದ. ನಾನು ತಂಗಿಯನ್ನು ಎದೆಗೆ ಒರಗಿಸಿಕೊಂಡೆ. ಅವಳು ನನ್ನನ್ನು ದೂಡಿದಳು. ಸಿಟ್ಟು ಬಂದಿದೆ ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದೆ. ಮತ್ತೆ ದೂಡಿದಳು, ಈ ಸಲ ಎರಡೂ ಕೈಯಿಂದ. ಹಣಮವ್ವ ನನ್ನ ಅಂಗಿಯತ್ತ ಬೆರಳು ತೋರಿಸಿದಳು. ನೋಡಿಕೊಂಡೆ. ದಿನವೆಲ್ಲ ಮಗ್ಗದಲ್ಲಿದ್ದ ಅಂಗಿ. ಉಣ್ಣೆಯ ನವಿರು ಕೂತು ಕೂತು, ಅಂಗಿ ತೊಟ್ಟವನೋ ಟಗರೋ ತಿಳಿಯುವಂತಿರಲಿಲ್ಲ.

"ಇಳೀರಿ. ಮುಂದ ಅಲ್ಲ, ಗಾಳಿ ಮುಂದಿಂದ ಬರಾಕತ್ತೈತಿ. ಬಂಡಿ ಹಿಂದ ಬರ್ರಿ."

ಹೀಗೆ ಧೂಳನ್ನು ದೂರವಿಡಲು ಹೊರಟವನು ಯಾದಗಿರಿಯವರೆಗೆ ಬಂಡಿಯ ಧೂಳು ತಿನ್ನುತ್ತ ಓಡಿದೆ. ಗಾಲಿಯ ಸದ್ದಿನ ನಡುವೆ ಅವಳ ಉಸಿರಿನ ಸದ್ದಿಗೆ ಕಿವಿಯಿಟ್ಟು ಓಡಿದೆ. ಕೇಳಿಸಿದರೆ ಭಯ. ಕೇಳಿಸದಿದ್ದರೆ ಅದಕ್ಕಿಂತ ಭಯ. ಅವ್ವಾ, ಅವ್ವಾ ಎಂದು ಅವ್ವನನ್ನು ಕೂಗಿದೆ. ಹಾಗೆ ಕೂಗುತ್ತಲೇ ಅವ್ವನಿಗೆ ಏನು ಉತ್ತರ ಹೇಳುವುದೆಂದೂ ಯೋಚಿಸಿದೆ. 'ಥಂಡಿ ಹತ್ತಗೊಡಲಿಲ್ಲವ್ವಾ.' ಅಷ್ಟೇ ಹೊಳೆದದ್ದು.

ಡಾಕ್ಟರ ಸಾಹೇಬರು ಊಟಕ್ಕೆ ಕುಳಿತವರು ಕೈತೊಳೆದು ಬಂದರು. ಸೂಜಿ ಕೊಟ್ಟು, ಅವಳ ಬೆನ್ನ ಹಿಂದೆಯೇ ನಿಂತರು. ನಿಧಾನವಾಗಿ ಅವಳ ಭುಜದ ಏರಿಳಿತ ಕಡಿಮೆಯಾಯಿತು. ತುಟಿಗೆ ಬಣ್ಣ ಬಂತು. ಆಗ ಅವರು ನನ್ನತ್ತ ತಿರುಗಿದರು.

"ಈಕಿ ಏನು ಹಾಸ್ಕೊಂಡು ಮಲಗ್ತಾಳ?"

ಈ ಪ್ರಶ್ನೆಗೆ ಉತ್ತರ ನನಗೆ ಬರುತ್ತಿತ್ತು. "ಕಂಬಳಿರೀ."

"ಹೊದಿಯಾಕ?"

"ಕಂಬಳಿರೀ."

"ತಲಿಗಿಂಬು?"

"ಒಳಗ ಉಣ್ಣಿ ತುಂಬೇನ್ರಿ. ಬಾಳ ಮೆತ್ತಗ."

"ಮಲಗೂ ಕೋಣ್ಯಾಗ ಮತ್ತೇನೈತಿ?"

"ಉಣ್ಣಿರೀ."

ಅವರು ಕನ್ನಡಕ ತೆಗೆದರು. "ನಿನ್ನ ಕಸುಬು ಏನಪಾ?"

"ಕಂಬಳಿ ನೇಯ್ತೀನ್ರಿ, ಸಾಹೇಬ್ರ."

"ಹಂಗಾರ ಮೊದಲು ನೀ ಹೊರಗ ಹೋಗಿ ನಿಂದ್ರು."

ನಾನು ಬಾಗಿಲಾಚೆ ನಿಂತೆ. ಅಲ್ಲಿಂದಲೇ ಪಾಠ ಕೇಳಿದೆ; ಶಾಲೆಯಲ್ಲೂ ಹೆಚ್ಚಾಗಿ ಅಲ್ಲಿಂದಲೇ ಕೇಳಿದ್ದೆ. ದವಾ ಬೇಕಾದಾಗ ದವಾ ಬೇಕೇ ಬೇಕು, ಅದಕ್ಕೆ ಹಟ ಸಲ್ಲದು. ಅದರ ಜೊತೆಗೆ ಒಗೆದು ಬಿಸಿಲಿಗೆ ಹಾಕಿದ ಹತ್ತಿ ಹಾಸಿಗೆ, ಗಾಳಿ ಬೆಳಕಿನ ಕೋಣೆ, ಉಣ್ಣೆ, ಕುರಿ, ಹೊಗೆಯಿಂದ ದೂರ. ದಮ್ಮು ಎದ್ದಾಗ ಹಣಮವ್ವ ಕೂರಿಸಿದ ಹಾಗೆ ಕೂರುವುದು. "ಇದನ್ನ ನಿನಗ ಯಾರು ಹೇಳಿಕೊಟ್ಟರು?" ಎಂದು ಅವರು ಅವಳನ್ನು ಕೇಳಿದರು.

"ಯಾರೂ ಇಲ್ರಿ. ಆಕಿ ತಾನ ಹಂಗ ಕುಂದ್ರತಿದ್ಳು. ನಮ್ಮವರು ಬಂದು ಬಂದು ಮಲಗಸ್ತಿದ್ರು" ಎಂದಳು.

ಡಾಕ್ಟರ ಸಾಹೇಬರು ಬಾಗಿಲ ಕಡೆ ನೋಡಿ ಬೈಯಲು ಬಾಯಿ ತೆರೆದರು. ಆಗ ಭೀಮವ್ವ, ಇನ್ನೂ ತುಂಡು ತುಂಡಾದ ಮಾತಿನಲ್ಲಿ ಅಂದಳು: "ಬೈಬ್ಯಾಡ್ರೀ, ಸಾಹೇಬ್ರ. ಅಣ್ಣ... ಕಂಬಳಿ... ಚಲೋ ನೇಯ್ತಾನ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಗಿಲಾಚೆ ಗೋಡೆಗೆ ಮುಖ ಮಾಡಿ ನಿಂತೆ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರೆ ಉಣ್ಣೆ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು!

ಅವಳನ್ನು ಸುರಪುರಕ್ಕೆ ನಾನೇ ಬಿಟ್ಟು ಬಂದೆ. ಊರವರು ಅನ್ನುವುದನ್ನೆಲ್ಲ ಅಂದರು. ಅನ್ನಲು ಅವರ ಉಸಿರು ನೆಟ್ಟಗಿತ್ತು. ಚಿಗವ್ವ ನನಗೊಂದು ನೇಮ ಮಾಡಿದಳು: ಬಂದ ಕೂಡಲೇ ಹಿತ್ತಲಿಗೆ ಹೋಗಿ ಮೈತೊಳೆದು, ಅವಳು ತೆಗೆದಿಟ್ಟ ಧೋತರ ಉಟ್ಟುಕೊಂಡು, ಆಮೇಲೆ ಹೊಸ್ತಿಲು ದಾಟಬೇಕು. ಕಂಬಳಿಗೆ ಮೈಲಿಗೆ ಇಲ್ಲ ನಿಜ. ನನಗೆ ಮಾತ್ರ ಆ ಮನೆಯಲ್ಲಿ ಇವತ್ತಿಗೂ ಮೈಲಿಗೆ. ಈಗಲೂ ಯಾರಾದರೂ ಬಂದು "ದಮ್ಮಿಗೆ ದವಾ ಇಲ್ಲದ ಇಲಾಜು ಏನಾರ ಗೊತ್ತೇನು?" ಎಂದು ಕೇಳಿದರೆ ನಾನು ಮೊದಲು ಕೇಳುವುದು ಒಂದೇ: "ಮನ್ಯಾಗ ಅಣ್ಣ ಅದಾನೇನು?"

ಒಂದು ಸಲ ಹೀಗೆ ಮೈತೊಳೆದು ಪವಿತ್ರನಾಗಿ ಕುಳಿತಿದ್ದಾಗ ಭೀಮವ್ವ, "ಬಾ ಅಣ್ಣಾ, ಗುಡ್ಡ ತೋರಸ್ತೀನಿ" ಎಂದು ಎಬ್ಬಿಸಿದಳು. ಅವಳು ಮುಂದೆ, ನಾನು ಹಿಂದೆ. ವರ್ಷಗಟ್ಟಲೆ ಮಗ್ಗದ ಕುಣಿಯಲ್ಲಿ ಕುಳಿತ ಕಾಲು ನನ್ನವು. ಅರ್ಧ ದಾರಿಯಲ್ಲಿ ನನ್ನ ಎದೆಯೊಳಗೂ ಹರಿದ ತಿದಿಯ ಸದ್ದು ಎದ್ದಿತು. ಒಂದು ಬಂಡೆಗೆ ಆತುಕೊಂಡೆ. ಅವಳು ಆಗಲೇ ತುದಿಯಲ್ಲಿದ್ದಳು. ಸೆರಗು ಗಾಳಿಗೆ ಹಾರುತ್ತಿತ್ತು.

"ಮುಂದಕ್ಕ ಬಾಗಿ ಕುಂದ್ರು ಅಣ್ಣಾ!" ಎಂದು ಮೇಲಿನಿಂದ ಕೂಗಿದಳು. "ಸಣ್ಣಗ ಬಿಡು ಉಸಿರು! ದೀಪ ಆರದಂಗ ಊದು!"

ನಾನು ಬಾಗಿ ಕುಳಿತು ಊದಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಸೊಂಟದ ಮೇಲೆ ಕೈಯಿಟ್ಟು ಮತ್ತೆ ಕೂಗಿದಳು:

"ಕಂಬಳಿ ಹೊಚ್ಚಲೇನು?"

ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ.